ಮೊದಲು ಇಳಿದು, ಆಮೇಲೆ ಏರುವ ಚಾರಣ: ಬೇಸಿಗೆಯಲ್ಲಿ ಕುಟುಂಬದೊಂದಿಗೆ ಗ್ರ್ಯಾಂಡ್ ಕ್ಯಾನಿಯನ್

ನಂದಿಬೆಟ್ಟವನ್ನೋ ಸಾವನದುರ್ಗವನ್ನೋ ಹತ್ತಿ ಬೆಳೆದ ಬೆಂಗಳೂರಿನವರಿಗೆ ಚಾರಣವೆಂದರೆ ಮೊದಲು ಏರುವುದು, ಆಮೇಲೆ ಇಳಿಯುವುದು. ಅರ್ಧ ದಾರಿಯಲ್ಲಿ ಏದುಸಿರು ಬಂದರೆ ಅಲ್ಲಿಂದಲೇ ಹಿಂತಿರುಗಬಹುದು. ಅಮೆರಿಕದ ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಬೆಳಗಿನ ತಂಪಿನಲ್ಲಿ ಸಲೀಸಾಗಿ ಇಳಿದವರು, ಬಿಸಿಲೇರಿ ಕಾಲು ಸೋತ ಹೊತ್ತಿನಲ್ಲಿ ಏರಬೇಕಾಗುತ್ತದೆ. ರಜೆಯಲ್ಲಿ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಅಲ್ಲಿಗೆ ಹೋಗುವವರು ಪ್ರತಿಯೊಂದು ನಿರ್ಧಾರವನ್ನೂ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡೇ ಮಾಡಬೇಕು.

ಕಣಿವೆಯ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಮುಂಜಾನೆ ಅಲ್ಲಿ ಸ್ವೆಟರ್ ಬೇಕೆನಿಸುವುದರಿಂದ, ಕೆಳಗಿರುವುದು ಮರುಭೂಮಿ ಎಂಬುದೇ ಮರೆತುಹೋಗುತ್ತದೆ. ಕೊಲೊರಾಡೊ ನದಿ ಅದಕ್ಕಿಂತ 1,300 ಮೀಟರಿಗೂ ಹೆಚ್ಚು ಕೆಳಗೆ ಹರಿಯುತ್ತದೆ. ಬೇಸಿಗೆಯ ಮಧ್ಯಾಹ್ನ ನದಿಯ ಬಳಿ ನೆರಳಿನಲ್ಲೇ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿಗೆ ಬೆಂದದ್ದು ನೆನಪಿರುವವರು, ಅದಕ್ಕೂ ಮಿಗಿಲಾದ ಬಿಸಿಲಿನಲ್ಲಿ ಮಗುವನ್ನು ಎತ್ತಿಕೊಂಡು ಬೆಟ್ಟವೇರುವುದನ್ನು ಊಹಿಸಿಕೊಳ್ಳಲಿ.

ಆದ್ದರಿಂದ ಬೇಸಿಗೆಯಲ್ಲಿ ನದಿಯವರೆಗೆ ಹೋಗುವ ಆಸೆಯನ್ನು ಕುಟುಂಬಗಳು ಬಿಟ್ಟುಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೇ ದಿನದಲ್ಲಿ ನದಿಗೆ ಹೋಗಿಬರಬಾರದೆಂದು ಉದ್ಯಾನದವರೂ ಎಚ್ಚರಿಸುತ್ತಾರೆ. ದಕ್ಷಿಣ ಅಂಚಿನಿಂದ ಕಣಿವೆಗೆ ಇಳಿಯುವ ಬ್ರೈಟ್ ಏಂಜೆಲ್ ದಾರಿಯಲ್ಲಿ ಒಂದೂವರೆ ಮೈಲಿಯ ವಿಶ್ರಾಂತಿ ಕಟ್ಟೆಯವರೆಗೆ ಹೋಗಿಬಂದರೆ ಒಟ್ಟು 4.8 ಕಿಲೋಮೀಟರ್ ಆಗುತ್ತದೆ. ಅಷ್ಟರಲ್ಲೇ ಸುಮಾರು 340 ಮೀಟರ್ ಇಳಿದು ಏರಿರುತ್ತೇವೆ. ಚಿಕ್ಕ ಮಕ್ಕಳಿದ್ದರೆ ಅದಕ್ಕೂ ಮೊದಲು ಸಿಗುವ ಎರಡನೆಯ ಸುರಂಗದಿಂದಲೇ ತಿರುಗುವುದು ಒಳ್ಳೆಯದು. ಮಂಡಿನೋವಿರುವ ಹಿರಿಯರಿಗೆ ಅಂಚಿನುದ್ದಕ್ಕೂ ಸಾಗುವ ರಿಮ್ ಟ್ರೇಲ್‌ನ ಸಮತಟ್ಟಾದ ಭಾಗಗಳೂ ಉಚಿತ ಬಸ್ಸುಗಳೂ ಇವೆ, ಮತ್ತು ಅಲ್ಲಿಂದ ಕಾಣುವ ನೋಟ ಯಾವುದಕ್ಕೂ ಕಡಿಮೆಯಲ್ಲ. ಇಳಿಯಲು ಹಿಡಿದಷ್ಟರ ಎರಡು ಪಟ್ಟು ಸಮಯವನ್ನು ಏರುವುದಕ್ಕೆ ಮೀಸಲಿಡಿ. ಮುಕ್ಕಾಲು ಗಂಟೆ ಇಳಿದಿದ್ದರೆ ಒಂದೂವರೆ ಗಂಟೆ ಏರುವುದಿದೆ.

ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬಾರದೆಂಬುದು ಅಲ್ಲಿಯ ರೇಂಜರುಗಳ ಸಲಹೆ. ನಮಗೂ ಅರಿಜೋನಾಕ್ಕೂ ಹನ್ನೆರಡೂವರೆ ಗಂಟೆಗಳ ಅಂತರವಿರುವುದರಿಂದ ಬೆಂಗಳೂರಿನಿಂದ ಹೋದವರಿಗೆ ಮೊದಮೊದಲು ನಡುರಾತ್ರಿಯೇ ಎಚ್ಚರವಾಗುತ್ತದೆ. ನಮ್ಮ ಮನೆಯವರೆಲ್ಲ ಮೂರೂವರೆಗೇ ಎದ್ದು ಕುಳಿತಿದ್ದೆವು. ಅದನ್ನೇ ಉಪಯೋಗಿಸಿಕೊಂಡು ನಸುಕಿನಲ್ಲಿ ಹೊರಟೆವು. ಆದರೆ ನಿದ್ದೆಗೆಟ್ಟ ಮೈ ಬೇಗ ಸೋಲುವುದರಿಂದ, ಬಂದ ಮರುದಿನವೇ ಹೊರಡದೆ ಎರಡು ಮೂರು ದಿನ ಸುಧಾರಿಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ನೀರು ಮತ್ತು ಉಪ್ಪಿನ ವಿಷಯದಲ್ಲಿ. ಒಣಗಾಳಿಯಲ್ಲಿ ಬೆವರು ಕ್ಷಣಾರ್ಧದಲ್ಲಿ ಆರಿಹೋಗುವುದರಿಂದ, ಅಂಗಿ ಒದ್ದೆಯಾಗದಿದ್ದರೂ ದೇಹ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ದಿನಕ್ಕೆ ಒಬ್ಬರಿಗೆ ಸುಮಾರು ನಾಲ್ಕು ಲೀಟರ್ ಲೆಕ್ಕವಿಡಿ. ದಾರಿಯಲ್ಲಿ ನಲ್ಲಿಗಳಿವೆ, ಆದರೆ ಕೊಳವೆ ಆಗಾಗ ಒಡೆಯುವುದರಿಂದ ಅಂದಿನ ಸ್ಥಿತಿಯನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಬರೀ ನೀರನ್ನೇ ಕುಡಿಯುತ್ತಾ ಹೋಗುವುದೂ ಅಪಾಯವೇ: ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗೊಂದಲ ಕಾಣಿಸಿಕೊಳ್ಳಬಹುದು. ರಾಮನವಮಿಯಂದು ಪಾನಕ, ನೀರುಮಜ್ಜಿಗೆ ಹಂಚುವ ನಾಡಿನವರಿಗೆ ಇದು ಹೊಸ ವಿಷಯವೇನಲ್ಲ. ಮಜ್ಜಿಗೆ ಆ ಬಿಸಿಲಿನಲ್ಲಿ ಕೆಡುವುದರಿಂದ, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು, ಊರಿನಿಂದಲೇ ಒಯ್ದ ಓಆರ್‌ಎಸ್ ಪೊಟ್ಟಣಗಳು, ಜೊತೆಗೆ ಕಾಂಗ್ರೆಸ್ ಕಡಲೆಕಾಯಿ ಬೀಜ, ನಿಪ್ಪಟ್ಟು, ಖಾರದ ಅವಲಕ್ಕಿ ಇರಲಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪು, ನೀರಿನ ಪ್ರಮಾಣವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಉಡುಪಿಗೆ ತುಂಬುತೋಳಿನ ತೆಳು ಹತ್ತಿಯ ಅಂಗಿಯೂ ಅಗಲ ಅಂಚಿನ ಟೋಪಿಯೂ ಸಾಕು. ಹಳೆಯ ಪಂಚೆಯನ್ನು ಹರಿದು ಎರಡು ತುಂಡು ಮಾಡಿ ಒಯ್ದರೆ, ನೀರಿನಲ್ಲಿ ನೆನೆಸಿ ಮಕ್ಕಳ ಕತ್ತಿಗೆ ಸುತ್ತಬಹುದು. ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತ ಹೇಸರಗತ್ತೆಗಳು ಬಂದಾಗ ಕಣಿವೆಯ ಕಡೆ ನಿಲ್ಲದೆ ಬೆಟ್ಟದ ಬದಿಗೆ ಸರಿದು ಸದ್ದಿಲ್ಲದೆ ನಿಲ್ಲಬೇಕು. ಅಳಿಲುಗಳು ಕಚ್ಚುತ್ತವೆ, ಅವಕ್ಕೆ ತಿಂಡಿ ಕೊಡಬಾರದು.

ನಗುತ್ತಿದ್ದ ಮಗು ಮಂಕಾದರೆ, ತಲೆನೋವು, ತಲೆಸುತ್ತು ಎಂದರೆ ನೆರಳಿನಲ್ಲಿ ಕೂರಿಸಿ, ಬಟ್ಟೆ ತೋಯಿಸಿ, ಗಾಳಿ ಬೀಸಿ, ಉಪ್ಪು ಬೆರೆತ ಪಾನೀಯವನ್ನು ಗುಟುಕು ಗುಟುಕಾಗಿ ಕುಡಿಸಿ. ಮಾತು ತಡವರಿಸಿದರೆ, ನಡಿಗೆ ತೂರಾಡಿದರೆ ಅದು ಪ್ರಾಣಾಪಾಯದ ಲಕ್ಷಣ. ಮೈಗೆ ನೀರು ಸುರಿಯುತ್ತಲೇ ಅಮೆರಿಕದ ತುರ್ತು ಸಹಾಯ ಸಂಖ್ಯೆ 911ಕ್ಕೆ ಕರೆ ಮಾಡಿಸಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ, ಇಳಿಯುವ ದಾರಿ ಮತ್ತು ಹಿಂತಿರುಗುವ ಸಮಯವನ್ನು ಚೀಟಿಯಲ್ಲಿ ಬರೆದು ಮೇಲೆ ಉಳಿಯುವ ಹಿರಿಯರ ಕೈಗೆ ಕೊಟ್ಟು, ಆ ಸಮಯ ಮೀರಿದರೆ ರೇಂಜರಿಗೆ ತಿಳಿಸಬೇಕೆಂದು ಹೇಳಿಯೇ ಮೊದಲ ಹೆಜ್ಜೆಯಿಡಿ.