ಏಳು ಸೇತುವೆಯ ಆಟ ಸರಿಹೋಗಿದ್ದು ಹೀಗೆ

ನಮ್ಮ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟಕ್ಕೆ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ) ಹಳೇ ಕೋನಿಗ್ಸ್‌ಬರ್ಗ್ ಊರನ್ನೇ ನಕ್ಷೆ ಮಾಡಿದ್ದೆ. ಅಲ್ಲಿ ನದಿ ಊರನ್ನು ನಾಲ್ಕು ಜಾಗ ಮಾಡಿತ್ತು: ನಡುವಿನ ದ್ವೀಪ, ಉತ್ತರ ದಡ, ದಕ್ಷಿಣ ದಡ, ಪೂರ್ವ ಭಾಗ. ಇವನ್ನು ಸೇರಿಸಲು ಏಳು ಸೇತುವೆ. ಏಳೂ ಸೇತುವೆಗಳನ್ನು ಒಂದೊಂದೇ ಸಲ ದಾಟಿದರೆ ಶಾಪ ಬಿಡುತ್ತದೆ. ಅದು ಆಗಲ್ಲ ಅಂತ ಗಣಿತಜ್ಞ ಆಯ್ಲರ್ 1735ರಲ್ಲೇ ತೋರಿಸಿದ್ದ. ಗೆಳೆಯರು ಎರಡು ಗಂಟೆ ಪೆನ್ಸಿಲ್ ಸವೆಸಿ, ‘ಮೋಸ ಕಣೋ’ ಅಂತ ಎದ್ದುಹೋದರು. ತಪ್ಪು ನನ್ನದೇ ಬಿಡಿ.

ಮುಂದಿನ ವಾರ ಆಟದಲ್ಲಿ ಪ್ರವಾಹ ತಂದೆ. ದ್ವೀಪದಿಂದ ಉತ್ತರ ದಡಕ್ಕಿದ್ದ ಒಂದು ಸೇತುವೆ ಕೊಚ್ಚಿಹೋಯಿತು. ಮೊದಲು ನಾಲ್ಕೂ ಜಾಗಕ್ಕೆ ಬೆಸ ಸಂಖ್ಯೆಯ ಸೇತುವೆಗಳಿದ್ದವು: 5, 3, 3, 3. ಈಗ 4, 2, 3, 3. ಬೆಸ ಎರಡೇ ಉಳಿದರೆ ಒಂದರಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಸಬಹುದು. ಅದಕ್ಕೇ ಛತ್ರವನ್ನು ದಕ್ಷಿಣ ದಡದಲ್ಲಿಟ್ಟೆ, ಮಾಟಗಾತಿಯನ್ನು ಪೂರ್ವದಲ್ಲಿ.

ಕಳ್ಳಿಯ ಪಾತ್ರ ಆಡುವವಳು ಸುಮ್ನೆ ಕೂರಲಿಲ್ಲ. ದಕ್ಷಿಣದಿಂದ ಪೂರ್ವಕ್ಕಿದ್ದ ಸೇತುವೆಗೂ ಬೆಂಕಿ ಇಟ್ಟಳು. ಈಗ ಬೆಸ ಒಂದೂ ಉಳಿಯಲಿಲ್ಲ, ಹೊರಟಲ್ಲೇ ಮುಗಿಸಬಹುದು. ಉಳಿದ ಐದನ್ನೂ ದಾಟಿ, ಹೊರಟ ಛತ್ರಕ್ಕೇ ವಾಪಸ್ ಬಂದರು!