ಮುದ್ದೆ ನುಂಗುವವರು ಸ್ಲೀವ್ ಆಪರೇಷನ್‌ಗೆ ತಯಾರಾಗುವುದು

ನಾನು ಮಂಡ್ಯ ಕಡೆಯವಳು. ಮುದ್ದೆಯನ್ನು ಅಗಿಯದೆ ನುಂಗಿಯೇ ಬೆಳೆದವಳು. ತೂಕ ಇಳಿಸಲು ಮಾಡುವ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದುಬಿಡುತ್ತಾರೆ. ಆಮೇಲೆ ನುಂಗಿದರೆ ಎದೆಯಲ್ಲೇ ಸಿಕ್ಕಿಕೊಂಡ ಹಾಗಾಗುತ್ತದೆ. ಹಾಗಾಗಿ ಒಂದು ತಿಂಗಳು ಮೊದಲೇ ಅಗಿಯುವುದನ್ನು ಕಲಿಯಿರಿ. ಪ್ರತಿ ತುತ್ತನ್ನೂ 20 ಸಲ. ಊಟದ ತಟ್ಟೆ ಬಿಟ್ಟು ಕಾಫಿ ಸಾಸರ್, ಕೈಯಲ್ಲಿ ಟೀ ಚಮಚ. ನನಗೆ ಗಾಯದ ನೋವಿಗಿಂತ ಈ ಅಭ್ಯಾಸವೇ ಜಾಸ್ತಿ ಕಷ್ಟವಾಯಿತು.

ಕೊನೆಯ ಎರಡು ವಾರ ಡಾಕ್ಟರ್ ಹೇಳಿದ ಪಥ್ಯ ತಪ್ಪಿಸಬೇಡಿ. ಅದರಿಂದ ಜಠರಕ್ಕೆ ಅಡ್ಡ ಇರುವ ಲಿವರ್ ಸಣ್ಣಗಾದರೆ ಅವರಿಗೆ ಕೆಲಸ ಸಲೀಸು.

ಆಪರೇಷನ್ ಆದಮೇಲೆ ಮೊದಲು ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಅದೂ ಗುಟುಕು ಗುಟುಕಾಗಿ. ನಂತರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಗಟ್ಟಿ ಊಟ ಶುರುವಾದ ಮೇಲೆ ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರ್, ಬೇಳೆ ತಿನ್ನಿ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು. ವಿಟಮಿನ್ ಮಾತ್ರೆ ಜೀವನಪೂರ್ತಿ.

ನಾಲ್ಕನೇ ತಿಂಗಳು ನನ್ನ ಕೂದಲು ಉದುರಿತು, ತುಂಬಾ ಅತ್ತುಬಿಟ್ಟೆ. ಆಮೇಲೆ ಮತ್ತೆ ಬೆಳೆಯಿತು.

ಬೀಗರೂಟದಲ್ಲಿ "ಇನ್ನೊಂಚೂರು ಹಾಕಿಸ್ಕೊಳ್ಳವ್ವ" ಅಂತಾರೆ ಅಲ್ವಾ? ಎಲೆ ಮುಂದೆ ಕೂರುವ ಮೊದಲೇ ಬಡಿಸುವವರ ಕಿವಿಗೆ ವಿಷಯ ಹಾಕಿಬಿಡಿ.