ಅಣಬೆಯ ಚೀಲಕ್ಕೇ ಬೂಷ್ಟು ಹಿಡಿದಾಗ

ಕಳೆದ ಜುಲೈಯಲ್ಲಿ ಬೈಹುಲ್ಲು ತುಂಬಿ ಚಿಪ್ಪಣಬೆ ಬೆಳೆಸುವ ನನ್ನ 12 ಚೀಲಗಳಲ್ಲಿ ಏಳಕ್ಕೆ ಹಸಿರು ಬೂಷ್ಟು ಹಿಡಿಯಿತು. ಉಡುಪಿಯ ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಮನೆ ಹಿಂದಿನ ಹಳೆಯ ದನದ ಹಟ್ಟಿಯೇ ನನ್ನ ಅಣಬೆ ಶೆಡ್ಡು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಅಣಬೆಯಲ್ಲಿ ಬೂಷ್ಟಿಗೆ ಮದ್ದುಂಟು ಅಂತ ಮೊನ್ನೆ ಓದಿ ಹೇಳಿದ್ದೆಯಲ್ಲ? ಈಗ ಅದಕ್ಕೇ ಬೂಷ್ಟು ಬಂತಲ್ಲ ಮಾರಾಯ್ತಿ" ಎಂದರು.

ಮಾತು ಚುಚ್ಚಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಓದಿದ್ದು ಸುಳ್ಳಲ್ಲ. ಚಿಪ್ಪಣಬೆಯ ಹಸಿ ಕೊಡೆಯಿಂದ ಪ್ಲೂರೋಸ್ಟ್ರಿನ್ ಎಂಬ ಪುಟ್ಟ ಪ್ರೋಟೀನನ್ನು ಬೇರ್ಪಡಿಸಿದ್ದಾರೆ. ನೆಲಗಡಲೆಗೆ ಎಲೆಚುಕ್ಕೆ ತರುವ ಶಿಲೀಂಧ್ರದ ಬೆಳವಣಿಗೆಯನ್ನು ಅದು ತಡೆಯುತ್ತದೆ. ರೈಶಿ ಎಂದು ಮಾರುವ ಗ್ಯಾನೊಡರ್ಮಾ ಎಂಬ ಅಣಬೆಯಲ್ಲಿ ಗ್ಯಾನೊಡರ್ಮಿನ್ ಇದೆ, ಅದೂ ಶಿಲೀಂಧ್ರ ತಡೆಯುವ ಪ್ರೋಟೀನೇ. ಅದರ ವರದಿ ಬಂದದ್ದು 2006ರಲ್ಲಿ. ತಮಾಷೆ ಏನೆಂದರೆ, ಈ ಗ್ಯಾನೊಡರ್ಮಾ ನಮ್ಮ ತೋಟದವರಿಗೆ ಔಷಧಿಯಲ್ಲ, ಶತ್ರು. ಅಡಿಕೆ, ತೆಂಗಿನ ಬುಡ ಕೊಳೆಸುವ ಅಣಬೆ ರೋಗಕ್ಕೆ ಇದೇ ಕಾರಣ. ನಮ್ಮ ಒಂದು ಸತ್ತ ಅಡಿಕೆ ಮರದ ಬುಡದಲ್ಲೂ ಕೆಂಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಾ ಕೂತಿತ್ತು. ಕಿತ್ತು ತಂದೆ. ಇದರ ಕಷಾಯ ಮಾಡಿ ಹಸಿರು ಬೂಷ್ಟಿನ ಮೇಲೆ ಬಿಟ್ಟು ನೋಡಿದರೆ ಹೇಗೆ?

ಓದಿದ್ದು ಬಿ.ಎಸ್ಸಿ., ಅದೂ ಇಪ್ಪತ್ತು ವರ್ಷದ ಹಿಂದೆ. ಆದರೂ ಕೈ ಮರೆತಿರಲಿಲ್ಲ. ಬೂಷ್ಟು ಬೆಳೆಸಿ ನೋಡುವ ತಟ್ಟೆಗೆ 50 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರು 250 ಮಿಲಿ, ಸಕ್ಕರೆ 5 ಗ್ರಾಂ, ಚೀನಾ ಗ್ರಾಸ್ 5 ಗ್ರಾಂ. ಹೌದು, ಪುಡ್ಡಿಂಗಿಗೆ ಹಾಕುವ ಅದೇ ಚೀನಾ ಗ್ರಾಸ್. ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ, ಗಾಜಿನ ತಟ್ಟೆಗಳಿಗೆ ಹೊಯ್ದು, ತಣಿದು ಗಟ್ಟಿಯಾಗಲು ಬಿಟ್ಟೆ. ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ ಕೈ ತೂರುವಷ್ಟು ಎರಡು ತೂತು ಕೊರೆದು, ಗಾಳಿ ಆಡದಂತೆ ಅದರೊಳಗೇ ಕೆಲಸ ಮಾಡಿದೆ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯಲ್ಲೇ ಬೂಷ್ಟು ತೇಲುತ್ತದೆ. ಮೊದಲ ನಾಲ್ಕು ತಟ್ಟೆ ಹಾಗೆಯೇ ಹಾಳಾಯಿತು.

ಒಣಗಿಸಿ ಪುಡಿ ಮಾಡಿದ ಗ್ಯಾನೊಡರ್ಮಾವನ್ನು ಎರಡು ಪಾಲು ಮಾಡಿದೆ. ಒಂದನ್ನು ನೀರಲ್ಲಿ ಒಂದು ಗಂಟೆ ಕುದಿಸಿದೆ. ಇನ್ನೊಂದನ್ನು ವಾರವಿಡೀ ಸ್ಪಿರಿಟ್‌ನಲ್ಲಿ ನೆನೆಸಿದೆ. ಚಿಕ್ಕ ಕಾಗದದ ಬಿಲ್ಲೆಗಳನ್ನು ಅದರಲ್ಲಿ ಅದ್ದಿ, ಹಸಿರು ಬೂಷ್ಟಿನ ಬೀಜಕಣ ಸವರಿದ ತಟ್ಟೆಯ ಮೇಲಿಟ್ಟೆ. ಮೂರನೇ ದಿನ ನೋಡಿದರೆ ಕಷಾಯದ ಬಿಲ್ಲೆಯ ಮೇಲೇ ಬೂಷ್ಟು ಹತ್ತಿತ್ತು. ಸ್ಪಿರಿಟ್ ಬಿಲ್ಲೆಯ ಸುತ್ತ ಮಾತ್ರ ಸ್ವಚ್ಛ ಬಯಲು, ಎಂಟಾಣೆಯಷ್ಟು ಅಗಲ. ಖುಷಿಯಲ್ಲಿ ಮಂಗಳೂರಿನಲ್ಲಿ ಮೈಕ್ರೋಬಯಾಲಜಿ ಕಲಿಸುವ ಗೆಳತಿಗೆ ಫೋಟೋ ಕಳಿಸಿದೆ. ಅವಳು ಕೇಳಿದ್ದು ಒಂದೇ ಮಾತು: "ಬರೀ ಸ್ಪಿರಿಟ್ ಅದ್ದಿದ ಬಿಲ್ಲೆ ಇಟ್ಟಿದ್ದೀಯಾ?"

ಇಟ್ಟಿರಲಿಲ್ಲ. ಇಟ್ಟು ನೋಡಿದೆ. ಬಯಲು ಅಷ್ಟೇ ಅಗಲ.

ಮುಂದಿನ ಸಲ ಅಣಬೆಯ ಬಿಲ್ಲೆಗಳಿಂದ ಸ್ಪಿರಿಟ್ ಪೂರ್ತಿ ಆರಿದ ಮೇಲೆ ತಟ್ಟೆಗೆ ಇಟ್ಟೆ. ಬಯಲು ಒಂದು ಎಳೆಯಷ್ಟಾಯಿತು. ಐದನೇ ದಿನ ಅದೂ ಇಲ್ಲ. ಗೆಳತಿ ನಕ್ಕು ಹೇಳಿದಳು: ಗ್ಯಾನೊಡರ್ಮಿನ್ ಪ್ರೋಟೀನು. ಪ್ರೋಟೀನನ್ನು ಕುದಿಸಿದರೆ ಮೊಟ್ಟೆ ಬೇಯಿಸಿದ ಹಾಗೆ, ಸ್ಪಿರಿಟ್‌ಗೆ ಹಾಕಿದರೂ ಹೆಚ್ಚುಕಡಿಮೆ ಅದೇ ಗತಿ. ಸ್ಪಿರಿಟ್‌ಗೆ ಇಳಿಯುವುದು ಅಣಬೆಯ ಕಹಿ, ಅದು ಟ್ರೈಟರ್ಪೀನ್ ಎಂಬ ಬೇರೆ ಗುಂಪು. ಲ್ಯಾಬಿನವರು ಅಣಬೆಯನ್ನು ತಣ್ಣಗೆ ಅರೆದು, ಸೋಸಿ, ಕಾಲಂ ಎಂಬ ಬೇರ್ಪಡಿಸುವ ಕೊಳವೆಗಳಲ್ಲಿ ಒಂದಾದ ಮೇಲೊಂದರಂತೆ ಹಾಯಿಸಿ, ಕೊನೆಗೆ ಮಿಲಿಗ್ರಾಂ ಲೆಕ್ಕದಲ್ಲಿ ಹಿಡಿಯುತ್ತಾರೆ. ನನ್ನ ಪಾತ್ರೆಯಲ್ಲಿ ಅದೆಲ್ಲಿ ಸಿಗಬೇಕು?

ಈ ನಡುವೆ ಪಕ್ಕದ ಮನೆಯ ಅಣ್ಣ ಬಂದು, ತೊಡೆಯ ಹುಳಕಡ್ಡಿಗೆ ಹಚ್ಚಲು ಸ್ವಲ್ಪ ಪುಡಿ ಕೇಳಿದರು. ಕೊಡಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಹೋಗಿ, ಅಂಗಡಿಯಲ್ಲಿ ಸುಮ್ನೆ ಸಿಗುವ ಸ್ಟೆರಾಯ್ಡ್ ಸೇರಿದ ಮುಲಾಮನ್ನೂ ಹಚ್ಚಬೇಡಿ ಎಂದೆ. ಅದರಿಂದ ತುರಿಕೆ ಇಳಿಯುತ್ತದೆ, ಹುಳಕಡ್ಡಿ ಮಾತ್ರ ಹರಡುತ್ತದೆ. ಅವರಿಗೆ ಬೇಜಾರಾಯಿತು, ಆಗಲಿ.

ಕಷಾಯ ಬಿಟ್ಟು ಜೀವಂತ ಅಣಬೆಯನ್ನೇ ಬೂಷ್ಟಿನ ಎದುರು ನಿಲ್ಲಿಸಿದಾಗ ವಿಷಯ ಸ್ವಲ್ಪ ಅರ್ಥವಾಯಿತು. ಒಂದೇ ತಟ್ಟೆಯ ಒಂದು ಬದಿಗೆ ಚಿಪ್ಪಣಬೆಯ ಬಿಳಿ ಎಳೆ, ಇನ್ನೊಂದು ಬದಿಗೆ ಹಸಿರು ಬೂಷ್ಟು. ಎರಡನ್ನೂ ಒಂದೇ ದಿನ ಇಟ್ಟ ತಟ್ಟೆಯಲ್ಲಿ ಬೂಷ್ಟು ನಾಲ್ಕು ದಿನದಲ್ಲಿ ಎಲ್ಲವನ್ನೂ ನುಂಗಿತು. ಇನ್ನೊಂದು ತಟ್ಟೆಯಲ್ಲಿ ಅಣಬೆಯನ್ನು ಐದು ದಿನ ಮೊದಲೇ ಇಟ್ಟಿದ್ದೆ. ಅಲ್ಲಿ ಎರಡೂ ಮುಟ್ಟಿದ ಕಡೆ ಒಂದು ಕಂದು ಗೆರೆ ಮೂಡಿತು, ಗದ್ದೆಯ ಬದುವಿನ ಹಾಗೆ. ಹಸಿರು ಅದರಾಚೆ ಗುಡ್ಡೆ ಬಿತ್ತು. ಹತ್ತು ದಿನ ಕಳೆದರೂ ಈಚೆ ಬರಲಿಲ್ಲ. ಆ ತಟ್ಟೆಯನ್ನು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. ಅಣಬೆಯ ಹೋರಾಟ ನಡೆಯುವುದು ಈ ಬದುವಿನಲ್ಲಿ. ಬೇರೂರಲು ಸಮಯ ಸಿಕ್ಕರೆ ಮಾತ್ರ.

ಅಣಬೆಯ ಮದ್ದು ಹೊಲಕ್ಕೆ ಬಂದ ಕಥೆಯೂ ಒಂದಿದೆ. ಹಟ್ಟಿಯ ಅಟ್ಟದಲ್ಲಿ ನಮ್ಮವರು ಭತ್ತಕ್ಕೆ ತಂದಿಟ್ಟ ಶಿಲೀಂಧ್ರನಾಶಕದ ಬಾಟಲಿ ಇತ್ತು, ಮೇಲೆ ಅಜಾಕ್ಸಿಸ್ಟ್ರೋಬಿನ್ ಎಂದು ಬರೆದಿತ್ತು. ಇದರ ಮೂಲ ಸ್ಟ್ರೋಬಿಲುರಸ್ ಎಂಬ ಪುಟ್ಟ ಅಣಬೆ. ಉದುರಿದ ಪೈನ್ ಕಾಯಿಯ ಮೇಲೆ ಅದು ಬೆಳೆಯುತ್ತದೆ, ಆ ಒಂದು ಕಾಯಿಯನ್ನು ಬೇರೆ ಶಿಲೀಂಧ್ರಗಳಿಗೆ ಬಿಟ್ಟುಕೊಡದಿರಲು ವಿಷ ಸುರಿಸುತ್ತದೆ. ಬೇರೆ ಶಿಲೀಂಧ್ರದ ಜೀವಕೋಶ ಶಕ್ತಿ ತಯಾರಿಸುವುದನ್ನೇ ಆ ವಿಷ ನಿಲ್ಲಿಸುತ್ತದೆ. ಜರ್ಮನಿಯ ಟಿಮ್ ಆಂಕೆ ಮತ್ತು ವೋಲ್ಫ್‌ಗಾಂಗ್ ಸ್ಟೆಗ್ಲಿಶ್ 1977ರಲ್ಲಿ ಇದನ್ನು ತಿಳಿಸಿದರು. ಆದರೆ ಅಸಲಿ ವಸ್ತು ಬಿಸಿಲಿಗೆ ಬೇಗ ಹಾಳಾಗುತ್ತಿತ್ತು. ರಸಾಯನಶಾಸ್ತ್ರಜ್ಞರು ಅದನ್ನು ತಿದ್ದಿ ಗಟ್ಟಿ ಮಾಡಿದ ಮೇಲೆ, 1996ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ನನ್ನ ಕುಕ್ಕರಿನಲ್ಲಿ ಆಗುವ ಕೆಲಸವೇ ಅಲ್ಲ.

ಆ ಬಾಟಲಿ ಇಳಿಸುವಾಗ ಪಕ್ಕದಲ್ಲಿ ಇನ್ನೊಂದು ಪ್ಯಾಕೆಟ್ ಕಂಡಿತು. ಟ್ರೈಕೋಡರ್ಮಾ. ಬೆಳೆಯ ರೋಗ ತಡೆಯಲು ಬಳಸುವ ಶಿಲೀಂಧ್ರ ಅದು. ನಮ್ಮವರು ಕರಿಮೆಣಸಿನ ಬುಡಕ್ಕೆಂದು ಅದನ್ನು ಸಗಣಿ ಗೊಬ್ಬರದಲ್ಲಿ ಕಲಸಿ, ಗೋಣಿ ಮುಚ್ಚಿ ಬೆಳೆಸುತ್ತಾರೆ. ಎಲ್ಲಿ? ನನ್ನ ಚೀಲಗಳಿಂದ ಹತ್ತು ಹೆಜ್ಜೆ ದೂರದಲ್ಲಿ, ಅದೇ ಹಟ್ಟಿಯ ಮೂಲೆಯಲ್ಲಿ. ಬೇರೆ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು, ಅದರ ಗೋಡೆ ಕರಗಿಸಿ ತಿನ್ನುವುದೇ ಟ್ರೈಕೋಡರ್ಮಾದ ಕಸುಬು. ಅಣಬೆಯೂ ಶಿಲೀಂಧ್ರವೇ ಅಲ್ವಾ, ಗೋಡೆಯೂ ಕೈಟಿನ್ ಎಂಬ ಅದೇ ಗಟ್ಟಿ ವಸ್ತುವಿನದು. ಅಣಬೆ ಬೆಳೆಗಾರರು ಹಸಿರು ಬೂಷ್ಟು ಎಂದು ಬೈಯುವುದೂ ಟ್ರೈಕೋಡರ್ಮಾವನ್ನೇ. ತಿಂಗಳುಗಟ್ಟಲೆ ಮದ್ದು ಹುಡುಕಿದ್ದೆ, ಕಳ್ಳ ಒಳಗೇ ಇದ್ದ. ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು, ಬಿಡಿ.

ಗೊಬ್ಬರದ ಗುಡ್ಡೆ ತೋಟದ ಆಚೆ ತುದಿಗೆ ಹೋಯಿತು. ಬೈಹುಲ್ಲನ್ನು ಮೊದಲಿಗಿಂತ ಜಾಸ್ತಿ ಹೊತ್ತು ಕುದಿಸತೊಡಗಿದೆ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿದ ಮೇಲೆಯೇ ಚೀಲಕ್ಕೆ ತುಂಬಿದೆ. ಅಣಬೆ ಬೀಜ ಒಂದೂವರೆ ಪಟ್ಟು ಹಾಕಿದೆ. ಖರ್ಚು ಏರಿತು ನಿಜ, ಆದರೆ ತಟ್ಟೆಯಲ್ಲಿ ಕಂಡ ಐದು ದಿನದ ಮುನ್ನಡೆಯನ್ನು ಚೀಲದಲ್ಲಿ ಕೊಡಲು ನನಗೆ ತಿಳಿದ ದಾರಿ ಇದೊಂದೇ. ಸೆಪ್ಟೆಂಬರಿನ 12 ಚೀಲಗಳಲ್ಲಿ ಒಂದಕ್ಕೆ ಮಾತ್ರ ಹಸಿರು ಬಂತು. ಅದನ್ನು ಬಿಚ್ಚದೆ ಹಾಗೆಯೇ ದೂರ ಒಯ್ದು ಹೂತೆ.

ಮೊದಲ ಕೊಯ್ಲಿನ ಅಣಬೆಯಿಂದ ಅತ್ತೆ ಸುಕ್ಕ ಮಾಡಿದರು. ಕಂದು ಗೆರೆಯ ತಟ್ಟೆಯನ್ನು ಮಾತ್ರ ತುಂಬ ದಿನ ಎಸೆಯಲು ಮನಸ್ಸಾಗಿರಲಿಲ್ಲ. ಕೊನೆಗೆ ಅದನ್ನೂ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿಯೇ ತೊಳೆದೆ. ಆ ಕುಕ್ಕರನ್ನು ಅತ್ತೆ ಇನ್ನೂ ಅಡುಗೆಮನೆಗೆ ಸೇರಿಸಿಲ್ಲ.